ನಾಲ್ಕೂ ಕತ್ತರಿ ಸಾಣೆಗೆ

ಜೂನ್ 12

ಮುದ್ದು ಬುಗುರಿ,

ನಾನು ಸುಖವಾಗಿ ಮನೆ ಸೇರಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನ್ನದೇ ಯೋಚನೆ. ಕಿಟಕಿಯಾಚೆ ಏನೇನಿತ್ತು ಎಂದು ಯಾರಾದರೂ ಕೇಳಿದರೆ ಒಂದು ಮರ ಕಂಡೆ ಎಂದೂ ಹೇಳಲಾರೆ. ಮೂರೂವರೆ ಗಂಟೆ ಹೇಗೆ ಕಳೆಯಿತೋ ತಿಳಿಯಲೇ ಇಲ್ಲ.

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. "ಬಿಟ್ಟು ಬಂದ್ಯಾ?" ಎಂದಳು. "ಬಿಟ್ಟು ಬಂದೆ" ಎಂದೆ. "ಅತ್ತಳಾ?" "ಇಲ್ಲ." "ನೀನು?" ಎಂದಳು. ನಿನ್ನ ಅಜ್ಜಿಗೆ ಒಂದು ಕಿವಿ ಕೇಳಿಸುವುದಿಲ್ಲ ನಿಜ, ಆದರೆ ಬಾಯಿಗೆ ಮಾತ್ರ ಏನೂ ಆಗಿಲ್ಲ.

ಕೆಳಗೆ ಅಂಗಡಿ ಎಂದಿನಂತೆ ನಡೆದಿದೆ. ಬ್ಯಾಂಕಿನ ಮೇಡಂ ಹೋದ ತಿಂಗಳು ಹೊಲಿಸಿದ ಕೋಟು ತಂದು ಮೇಜಿನ ಮೇಲೆ ಒಗೆದು, "ನಿಮ್ಮ ಅಳತೆ ತಪ್ಪಿದೆ" ಎಂದರು. ಅಳತೆ ತಪ್ಪಿದ್ದು ನನ್ನದಲ್ಲ, ಅವರ ಸೊಂಟದ್ದು. ಗಿರಾಕಿಗೆ ಹಾಗೆ ಹೇಳಲಾದೀತೇ? ಹೊಲಿಗೆ ಬಿಚ್ಚಿ ಎರಡು ಬೆರಳು ಅಗಲ ಮಾಡಿಕೊಟ್ಟೆ.

ನಿಮ್ಮ ಮೇಷ್ಟ್ರು ಮನೆಯವರಿಗೆಲ್ಲ ಒಂದು ಹಾಳೆ ಕೊಟ್ಟಿದ್ದಾರೆ. ಪತ್ರದಲ್ಲಿ ಬೈಗುಳ, ದೂರು, ಹಳೆಯ ಕಥೆ ಬರೆಯಬಾರದಂತೆ. ಮಗುವಿಗೆ ಧೈರ್ಯ ಕೊಡುವ ಮಾತು ಬರೆಯಬೇಕಂತೆ. ಆ ಹಾಳೆಯನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ, ಗಿರಾಕಿಗಳ ಅಳತೆ ಚೀಟಿಯ ಪಕ್ಕದಲ್ಲೇ ಅಂಟಿಸಿಕೊಂಡಿದ್ದೇನೆ. ಅಳತೆ ಕೊಟ್ಟ ಮೇಲೆ ನಾನು ಒಂದು ದಾರದಷ್ಟೂ ಆಚೀಚೆ ಹೋಗುವವಳಲ್ಲ, ನಿನಗೇ ಗೊತ್ತು.

ಇಲ್ಲಿ ಎಲ್ಲವೂ ಚೆನ್ನಾಗಿದೆ. ನೀನೂ ಚೆನ್ನಾಗಿರು.

ಪ್ರೀತಿಯಿಂದ,
ನಿನ್ನ ಅಮ್ಮ


ಜೂನ್ 30

ಅಮ್ಮ,

ಇಲ್ಲಿ ಭಾನುವಾರ ಎಲ್ಲರೂ ಪತ್ರ ಬರೆಯಲೇಬೇಕು. ಬರೆಯದಿದ್ದರೆ ಖಾಲಿ ಹಾಳೆಯನ್ನಾದರೂ ಲಕೋಟೆಗೆ ಹಾಕಿ ಅಂಟಿಸಬೇಕು. ಹೋದ ವಾರ ಬಂದ ಖಾಲಿ ಹಾಳೆ ನನ್ನದೇ. ಮೇಷ್ಟ್ರು ನಮ್ಮ ಪತ್ರ ಓದುವುದಿಲ್ಲ, ತಪ್ಪೂ ತಿದ್ದುವುದಿಲ್ಲ. ನಾವೇ ತೋರಿಸಿದರೆ ಮಾತ್ರ ಓದುತ್ತಾರೆ.

ನಮ್ಮ ತರಗತಿಯಲ್ಲಿ ಒಂಬತ್ತು ಜನ. ಎಲ್ಲರನ್ನೂ ಬೇರೆ ಬೇರೆ ಶಾಲೆಯವರು ಬೇಡ ಅಂತ ಕಳಿಸಿದ್ದಾರೆ. ಒಬ್ಬಳು ಮಾತೇ ಆಡುವುದಿಲ್ಲ. ಅವಳನ್ನು ಎಲ್ಲರೂ ಗುಬ್ಬಿ ಅನ್ನುತ್ತಾರೆ. ಅವಳ ಹಾಸಿಗೆ ನನ್ನ ಪಕ್ಕ. ನೀನು ಯಾಕೆ ಬಂದೆ ಅಂತ ನನ್ನನ್ನು ಕೇಳಿದರು. ಕುರ್ಚಿ ಎಸೆದಿದ್ದಕ್ಕೆ ಅಂದೆ. ಇನ್ನೊಂದು ಹೇಳಲಿಲ್ಲ.

ಬಾಗಿಲ ಹತ್ತಿರ ಒಂದು ಹಗ್ಗ ಕಟ್ಟಿದ್ದಾರೆ. ಅದರಲ್ಲಿ ಒಂದರಿಂದ ಹತ್ತರವರೆಗೆ ಚೀಟಿ. ಒಂದು ಅಂದರೆ ತಣ್ಣೀರು, ಹತ್ತು ಅಂದರೆ ಕುದಿಯುತ್ತಿದೆ ಅಂತ. ಬೆಳಿಗ್ಗೆ ಒಳಗೆ ಬರುವಾಗ ನಮ್ಮ ನಮ್ಮ ಬಟ್ಟೆ ಕ್ಲಿಪ್ಪನ್ನು ನಮ್ಮ ನಂಬರಿಗೆ ಸಿಕ್ಕಿಸಬೇಕು. ಮೇಷ್ಟ್ರೂ ಸಿಕ್ಕಿಸಬೇಕು, ಅಡುಗೆಯವರೂ ಸಿಕ್ಕಿಸಬೇಕು. ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ. ಆದರೆ ಸುಳ್ಳು ನಂಬರ್ ಹಾಕಿದರೆ ಎಲ್ಲರೂ ಕೆಮ್ಮುತ್ತೇವೆ. ನಿನ್ನೆ ಅಡುಗೆಯವರು ಮುಖ ಊದಿಸಿಕೊಂಡು ಬಂದು ಎರಡಕ್ಕೆ ಸಿಕ್ಕಿಸಿದರು. ಹತ್ತು ಜನ ಒಟ್ಟಿಗೆ ಕೆಮ್ಮಿದೆವು. ಅವರು ನಕ್ಕು ಏಳಕ್ಕೆ ಹಾಕಿದರು.

ಇನ್ನು ಮೇಲೆ ನಿನ್ನ ಪತ್ರದ ಮೇಲೆ ನಿನ್ನ ನಂಬರ್ ಬರಿ. ನಾನು ಇವತ್ತು ಆರು.

ಬುಗುರಿ


ಜುಲೈ 9

ಮುದ್ದು ಬುಗುರಿ,

ನನ್ನ ನಂಬರ್: ಒಂದು.

ನಿನ್ನ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ, ಕೇಳಿಸುವ ಕಿವಿಯ ಕಡೆ ಕೂತು. ಅವಳು ತನ್ನದು ನಾಲ್ಕು ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಕಾನೂನು ಕಾನೂನೇ. ಆದರೂ ಅವಳೇ ಹೇಳಿದಳು: ಮೊಣಕಾಲಿನಿಂದ ಎರಡು, ನನ್ನಿಂದ ಎರಡು.

ಶಾಲಾ ಸಮವಸ್ತ್ರದ ಆರ್ಡರ್ ಸಿಕ್ಕಿದೆ, ನಲವತ್ತು ಜೊತೆ. ಮಧ್ಯಾಹ್ನ ಕೆಲಸದ ನಡುವೆ ನಿನ್ನ ನೆನಪಾದಾಗೆಲ್ಲ ನೀನು ಮೆಟ್ಟಿಲ ಮೇಲೆ ಕೂತು ತುಂಡು ಬಟ್ಟೆಯಲ್ಲಿ ಗೊಂಬೆ ಮಾಡುತ್ತಿದ್ದದ್ದು ಕಣ್ಣಿಗೆ ಕಟ್ಟುತ್ತದೆ. ಎಷ್ಟು ಚೆಂದ ಮಾಡುತ್ತಿದ್ದೆ. ನೀನು ಜಾಣೆ, ನೀನು ಒಳ್ಳೆಯ ಹುಡುಗಿ, ಎಲ್ಲವೂ ಸರಿಹೋಗುತ್ತದೆ.

ಪ್ರೀತಿಯಿಂದ,
ನಿನ್ನ ಅಮ್ಮ


ಆಗಸ್ಟ್ 21

ಮಾನ್ಯರೇ,

ಮೂರು ತಿಂಗಳಿಗೊಮ್ಮೆ ಮನೆಯವರಿಗೆ ಬರೆಯುವ ವರದಿ ಇದು. ಅಚ್ಚು ಹಾಕಿದ ನಮೂನೆ ಒಂದಿದೆ. ಅದರಲ್ಲಿ "ತೃಪ್ತಿಕರ" ಎಂಬ ಪದ ಹದಿನಾಲ್ಕು ಸಲ ಬರುತ್ತದೆ. ಅದನ್ನು ಬೇರೆಯಾಗಿ ಕಳಿಸಿದ್ದೇನೆ, ಇದು ನನ್ನ ಕೈಯ ಬರಹ.

ನಿಮ್ಮ ಮಗಳು ಬಂದ ಮೊದಲ ತಿಂಗಳು ಒಂಬತ್ತು ಸಲ ಸಾಮಾನು ಎಸೆದಳು, ಎರಡನೆಯ ತಿಂಗಳು ಆರು, ಈ ತಿಂಗಳು ಇದುವರೆಗೆ ಎರಡು. ನಮ್ಮಲ್ಲಿ ಒಡೆದದ್ದನ್ನು ಒಡೆದವರೇ ರಿಪೇರಿ ಮಾಡಬೇಕು. ಅದು ಶಿಕ್ಷೆಯಲ್ಲ, ನಾನೂ ಜೊತೆಗೆ ಕೂರುತ್ತೇನೆ. ಒಂದು ಕುರ್ಚಿಯ ಕಾಲನ್ನು ನಾವಿಬ್ಬರೂ ಸೇರಿ ಮೂರು ಸಲ ಅಂಟಿಸಿದ್ದೇವೆ. ಮೂರನೆಯ ಸಲ ಅವಳು, "ಮೇಷ್ಟ್ರೇ, ಇದಕ್ಕೆ ಮೊಳೆ ಹೊಡೀದೇ ಬರೀ ಅಂಟು ಹಚ್ಚಿದ್ರೆ ನಾನು ಎಸೀದಿದ್ರೂ ಮುರಿಯುತ್ತೆ" ಎಂದಳು. ಸರಿಯಾದ ಮಾತು. ಮೊಳೆ ಹೊಡೆದೆವು.

ಅವಳಿಗೆ ಸಿಟ್ಟು ಬರುವುದು "ಬೇಡ" ಎಂದಾಗ ಅಲ್ಲ. "ಆಮೇಲೆ", "ಸ್ವಲ್ಪ ಇರು", "ಏನಿಲ್ಲ ಬಿಡು" ಎಂದಾಗ. ನೇರವಾಗಿ ಇಲ್ಲ ಎಂದರೆ ಗೊಣಗಿಕೊಂಡು ಹೋಗುತ್ತಾಳೆ.

ಅಕ್ಟೋಬರಿನಲ್ಲಿ ಎರಡು ದಿನ ಮಕ್ಕಳನ್ನು ಮನೆಗೆ ಕಳಿಸುತ್ತೇವೆ. ನಾಲ್ಕನೆಯ ತಾರೀಕು ಬಂದು ಕರೆದುಕೊಂಡು ಹೋಗಿ. ಅದು ಚೆನ್ನಾಗಿ ನಡೆದರೆ ಡಿಸೆಂಬರ್ ಕೊನೆಗೆ ಒಂದು ತಿಂಗಳ ರಜೆ. ಅವಳು ಆ ರಜೆಯ ದಿನ ಎಣಿಸುತ್ತಿದ್ದಾಳೆ.

ವಂದನೆಗಳೊಂದಿಗೆ,
ತರಗತಿಯ ಮೇಷ್ಟ್ರು


ಸೆಪ್ಟೆಂಬರ್ 15

ಅಮ್ಮ,

ನಾನು ಮೂರು.

ನೀನು ಜುಲೈ 9ರಂದು ಒಂದು, ಜುಲೈ 27ರಂದು ಒಂದು, ಆಗಸ್ಟಿನಲ್ಲಿ ಎರಡು ಸಲ ಒಂದು, ಹೋದ ವಾರವೂ ಒಂದು. ನಲವತ್ತು ಜೊತೆ ಸಮವಸ್ತ್ರ ಹೊಲಿಯುವಾಗ ನೀನು ಯಾವತ್ತೂ ಒಂದು ಇದ್ದದ್ದು ನಾನು ನೋಡಿಲ್ಲ. ದಾರ ತುಂಡಾದರೆ ಯಂತ್ರಕ್ಕೇ ಬೈಯುತ್ತೀಯ.

ನಿನ್ನ ಪತ್ರ ಓದುವಾಗ ನಾನು ಕೆಮ್ಮಿದೆ. ಗುಬ್ಬಿ ಏನು ಅಂತ ನೋಡಿದಳು. ಅವಳಿಗೂ ಪತ್ರ ತೋರಿಸಿದೆ. ಅವಳೂ ಕೆಮ್ಮಿದಳು.

ನಾಲ್ಕನೇ ತಾರೀಕು ಬೇಗ ಬಾ.

ಬುಗುರಿ


ಅಕ್ಟೋಬರ್ 9

ಮಾನ್ಯ ಮೇಷ್ಟ್ರಿಗೆ,

ಮಗಳನ್ನು ನೀವು ಹೇಳಿದ ಹೊತ್ತಿಗೇ ತಂದು ಬಿಟ್ಟೆನಲ್ಲ, ನೀವು ಆಗ ಸಭೆಯಲ್ಲಿದ್ದಿರಿ, ಮಾತಾಡಲಾಗಲಿಲ್ಲ. ಎರಡು ದಿನ ಬಹಳ ಚೆನ್ನಾಗಿ ಕಳೆಯಿತು. ಒಂದು ಲೋಟವೂ ಒಡೆಯಲಿಲ್ಲ. ಅವಳು ಅಜ್ಜಿಯ ಕಾಲು ಒತ್ತಿದಳು, ಪಕ್ಕದ ಮನೆಯವರಿಗೆ ನಮಸ್ಕಾರ ಹೇಳಿದಳು. ಪಕ್ಕದ ಮನೆಯವರಂತೂ ಆಶ್ಚರ್ಯಪಟ್ಟು ಬಾಗಿಲಲ್ಲೇ ನಿಂತುಬಿಟ್ಟರು. ಎಲ್ಲವೂ ನಿಮ್ಮ ಪುಣ್ಯ.

ಇಂತಿ,
ಬುಗುರಿಯ ತಾಯಿ


ಅಕ್ಟೋಬರ್ 16

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಒಂದು ಲೋಟವೂ ಒಡೆಯಲಿಲ್ಲ ಎಂಬುದು ಸಂತೋಷವೇ. ಆದರೆ ನಿಮ್ಮ ಮಗಳು ಮನೆಯಿಂದ ಬಂದ ಮೇಲೆ ಹತ್ತು ದಿನದಿಂದ ಅವಳ ಕ್ಲಿಪ್ಪು ಒಂಬತ್ತರಿಂದ ಇಳಿದಿಲ್ಲ. ಏನನ್ನೂ ಎಸೆಯುತ್ತಿಲ್ಲ, ಯಾರಿಗೂ ಹೊಡೆಯುತ್ತಿಲ್ಲ. ಮೇಜಿನ ಕೆಳಗೆ ಕೂತು ಊಟ ಮಾಡುತ್ತಾಳೆ. ಎಸೆಯುತ್ತಿದ್ದಾಗ ನನಗೆ ಇಷ್ಟು ಚಿಂತೆ ಇರಲಿಲ್ಲ.

ಯಾಕೆ ಎಂದು ಕೇಳಬಾರದು ಎಂಬ ನಮ್ಮ ನಿಯಮವನ್ನು ನಾನೇ ಮುರಿದೆ. ಅವಳು ಹೇಳಿದ್ದು ಇಷ್ಟೇ: "ಅಮ್ಮನ್ನ ಕೇಳಿ. ಒಂದೇ ದಿನ ನಾಲ್ಕೂ ಕತ್ತರಿ ಸಾಣೆಗೆ ಹೋಗುತ್ತಾ ಅಂತ."

ನನಗೆ ಅರ್ಥವಾಗಲಿಲ್ಲ. ನಿಮಗೆ ಆಗಬಹುದು.

ತರಗತಿಯ ಮೇಷ್ಟ್ರು


ಅಕ್ಟೋಬರ್ 25

ಮಾನ್ಯ ಮೇಷ್ಟ್ರಿಗೆ,

ನಿಮ್ಮ ಪತ್ರದಲ್ಲಿ ಕತ್ತರಿ ಎಂಬ ಪದ ಕಂಡ ಕೂಡಲೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಅಂಗಡಿಯಲ್ಲಿ ನಾಲ್ಕು ಕತ್ತರಿಗಳಿವೆ. ಬಟ್ಟೆ ಕತ್ತರಿಸುವ ದೊಡ್ಡದು, ಕಾಗದದ ನಮೂನೆಗೆ ಒಂದು, ದಾರಕ್ಕೆ ಒಂದು ಚಿಕ್ಕದು, ಅಂಚಿಗೆ ಹಲ್ಲು ಹಲ್ಲಿನದು ಒಂದು. ಮಗಳು ಬರುವ ಹಿಂದಿನ ದಿನ ನಾಲ್ಕನ್ನೂ ಅಜ್ಜಿಯ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದೆ. ಅಡುಗೆಮನೆಯ ಚಾಕುವನ್ನೂ ಹಾಕಿದೆ. ಕತ್ತರಿಸಬೇಕಾದ ಹಣ್ಣು ಯಾವುದನ್ನೂ ತರಲಿಲ್ಲ, ಎರಡು ದಿನವೂ ಬಾಳೆಹಣ್ಣೇ. ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡೆ.

ಎರಡನೆಯ ದಿನ ಬೆಳಿಗ್ಗೆ ಒಬ್ಬ ಗಿರಾಕಿ ಪ್ಯಾಂಟಿನ ಕಾಲು ಕತ್ತರಿಸಿ ಮಡಿಸಿಕೊಡಿ ಎಂದು ತಂದರು, ಎರಡು ನಿಮಿಷದ ಕೆಲಸ. "ಕತ್ತರಿ ಸಾಣೆಗೆ ಹೋಗಿದೆ, ನಾಳೆ ಬನ್ನಿ" ಎಂದೆ. ಅವರು ಗೋಡೆಯ ನಾಲ್ಕು ಖಾಲಿ ಮೊಳೆ ನೋಡಿ ನಕ್ಕರು. "ನಾಲ್ಕೂನಾ? ಹಾಗಾದ್ರೆ ಇವತ್ತು ಹಲ್ಲಲ್ಲೇ ಹೊಲೀತೀರಾ?" ಎಂದರು. ಆಗ ನಾನು ನಿಜವಾಗಿಯೂ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ ಅಜ್ಜಿಯ ಕಾಲು ಒತ್ತಿದಳು, ಪಕ್ಕದ ಮನೆಯವರಿಗೆ ನಮಸ್ಕಾರ ಹೇಳಿದಳು. ನಾನು ಚೆನ್ನಾಗಿ ಕಳೆಯಿತು ಎಂದು ನಿಮಗೆ ಬರೆದದ್ದು ಅದನ್ನೇ.

ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ನಿಮ್ಮ ಶಾಲೆಯ ಅರ್ಜಿಯಲ್ಲಿ ಕುರ್ಚಿ ಎಸೆದಳು, ಗಾಜು ಒಡೆದಳು ಎಂದು ಬರೆದಿದ್ದೆ. ಒಂದನ್ನು ಬಿಟ್ಟಿದ್ದೆ. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅವಳು ಆ ದೊಡ್ಡ ಕತ್ತರಿ ಎಸೆದಳು. ನನ್ನ ಎಡಗೈಗೆ, ಮಣಿಕಟ್ಟಿನಿಂದ ಮೇಲಕ್ಕೆ ತಗುಲಿತು. ಏಳು ಹೊಲಿಗೆ. ಡಾಕ್ಟರಿಗೆ ಯಂತ್ರದ ಸೂಜಿ ಎಂದೆ. ಅವರು ನನ್ನನ್ನು ಮೇಲೆ ಕೆಳಗೆ ನೋಡಿ, ಹಾಗೇ ಬರೆದುಕೊಂಡರು. ಮಗಳಿಗೆ "ಏನೂ ಆಗಿಲ್ಲ ಬಿಡು" ಎಂದೆ. ಅಂದಿನಿಂದ ಉದ್ದ ತೋಳಿನ ರವಿಕೆಯನ್ನೇ ಹಾಕುತ್ತೇನೆ.

ಇದನ್ನು ಅವಳ ಮುಂದೆ ಎತ್ತಬೇಡಿ. ಕತ್ತರಿ ನಿಜವಾಗಿಯೂ ಸಾಣೆಗೆ ಹೋಗಿತ್ತು ಎಂದು ನೀವೂ ಒಂದು ಮಾತು ಹೇಳಿದರೆ ಅವಳು ನಂಬುತ್ತಾಳೆ. ನಿಮ್ಮ ಮೇಲೆ ಅವಳಿಗೆ ನಂಬಿಕೆ ಇದೆ.

ಇಂತಿ,
ಬುಗುರಿಯ ತಾಯಿ


ನವೆಂಬರ್ 3

ಮಾನ್ಯರೇ,

ಅವಳಿಗೆ ನನ್ನ ಮೇಲೆ ನಂಬಿಕೆ ಇದೆ ಎಂದಿರಿ. ಅದಕ್ಕೇ ಹೇಳಲಾರೆ.

ತಪ್ಪು ನನ್ನದೂ ಇದೆ. ಜೂನಿನಲ್ಲಿ ಕೊಟ್ಟ ಆ ಹಾಳೆಯನ್ನು ಬರೆದವನು ನಾನು. ಬೈಗುಳ ಬೇಡ ಎಂದು ಬರೆದೆ. ನಿಜ ಬೇಡ ಎಂದು ಓದಿಕೊಳ್ಳುವವರೂ ಇರುತ್ತಾರೆ ಎಂದು ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿಯೂ ಹೊಳೆಯಲಿಲ್ಲ ಎಂದರೆ ನನ್ನನ್ನೇ ಮೇಜಿನ ಕೆಳಗೆ ಕೂರಿಸಬೇಕು.

ಒಂದು ಮಾತು ಹೇಳುತ್ತೇನೆ, ಬುದ್ಧಿವಾದ ಅಂದುಕೊಳ್ಳಬೇಡಿ. ಎರಡು ವರ್ಷದ ಕೆಳಗೆ ನಮ್ಮ ತರಗತಿಯಲ್ಲಿ ನನಗಿಂತ ಎತ್ತರದ ಹುಡುಗನೊಬ್ಬನಿದ್ದ. ಒಮ್ಮೆ ನನ್ನನ್ನು ಗೋಡೆಗೆ ಒತ್ತಿ ಹಿಡಿದ. ಮರುದಿನ ನಾನು ಬೇಕೆಂದೇ ನಗುನಗುತ್ತಾ ಬಂದು ಕ್ಲಿಪ್ಪನ್ನು ಎರಡಕ್ಕೆ ಸಿಕ್ಕಿಸಿದೆ. ಯಾರೂ ಕೆಮ್ಮಲಿಲ್ಲ. ಎಲ್ಲರೂ ಆ ಹುಡುಗನ ಕಡೆ ನೋಡಿದರು. ಅವನು ಎದ್ದು ಬಂದು ನನ್ನ ಕ್ಲಿಪ್ಪನ್ನು ತಾನೇ ತೆಗೆದು ಎಂಟಕ್ಕೆ ಹಾಕಿ ಹೋಗಿ ಕೂತ. ಯಾರು ತಮಗೆ ಹೆದರುತ್ತಾರೆ ಎಂಬುದು ಈ ಮಕ್ಕಳಿಗೆ ಗಾಳಿಯಲ್ಲೇ ತಿಳಿಯುತ್ತದೆ. ಅವರ ಹತ್ತಿರ ಅದನ್ನು ಬಚ್ಚಿಡಲು ಹೋಗುವುದು ವ್ಯರ್ಥ.

ಡಿಸೆಂಬರ್ ರಜೆಯ ಫಾರಂ ಇದರ ಜೊತೆಗಿದೆ. ಮಗು ಮನೆಗೆ ಬರುತ್ತದೆಯೋ, ಶಾಲೆಯಲ್ಲೇ ಉಳಿಯುತ್ತದೆಯೋ ಎಂದು ಗುರುತು ಹಾಕಿ ಸಹಿ ಮಾಡಿ. ಉಳಿಯುವ ಮಕ್ಕಳ ಜೊತೆ ನಾವಿರುತ್ತೇವೆ, ಅದರಲ್ಲಿ ಅವಮಾನವೇನಿಲ್ಲ. ಆದರೆ ಯಾವುದಕ್ಕೆ ಗುರುತು ಹಾಕಿದರೂ ಕಾರಣವನ್ನು ಅವಳಿಗೆ ನೀವೇ ಹೇಳಬೇಕು.

ತರಗತಿಯ ಮೇಷ್ಟ್ರು


ನವೆಂಬರ್ 24

ಮುದ್ದು ಬುಗುರಿ,

ನನ್ನ ನಂಬರ್: ಎರಡು.

ನಿನ್ನಿಂದ ನಾಲ್ಕು ವಾರ ಖಾಲಿ ಹಾಳೆಯೇ ಬಂತು. ಅವನ್ನು ಬಿಸಾಡಿಲ್ಲ, ಅಳತೆ ಪುಸ್ತಕದಲ್ಲಿ ಇಟ್ಟಿದ್ದೇನೆ. ಅಜ್ಜಿ ದಿನಾ ಬೆಳಿಗ್ಗೆ, "ಇವತ್ತು ಏನು ಬರೆದಿದ್ದಾಳೆ, ಓದು" ಎನ್ನುತ್ತಾಳೆ. ಖಾಲಿ ಹಾಳೆಯನ್ನು ಹೇಗೆ ಓದಲಿ? "ಚೆನ್ನಾಗಿದ್ದಾಳಂತೆ" ಎನ್ನುತ್ತೇನೆ.

ಬ್ಯಾಂಕಿನ ಮೇಡಂ ಮತ್ತೆ ಬಂದಿದ್ದರು. ಈಗ ಕೋಟು ಸಡಿಲವಂತೆ. ನಡಿಗೆ ಶುರು ಮಾಡಿದ್ದಾರೆ. ಬಿಚ್ಚಿದ ಎರಡು ಬೆರಳನ್ನು ಮತ್ತೆ ಒಳಗೆ ಹಾಕಿ ಹೊಲಿದೆ.

ಈ ಸಲ ವರ್ಷದ ಕೊನೆಗೆ ಅಂಗಡಿಯಲ್ಲಿ ಬಹಳ ಕೆಲಸ. ತಲೆ ಎತ್ತಲು ಪುರುಸೊತ್ತಿಲ್ಲ. ನೀನು ಬಂದರೂ ನಿನ್ನ ಜೊತೆ ಕೂರಲು ಆಗುವುದಿಲ್ಲವಲ್ಲ ಎಂದು ಬೇಸರ. ಅಲ್ಲಿ ರಜೆಯಲ್ಲಿ ಚಿತ್ರ ಬಿಡಿಸುವುದು, ಈಜು ಎಲ್ಲ ಇರುತ್ತದೆ ಎಂದು ಫಾರಮ್ಮಿನಲ್ಲಿ ಓದಿದೆ. ನಿನಗೆ ಈಜು ಇಷ್ಟವಲ್ಲವೇ?

ಪ್ರೀತಿಯಿಂದ,
ನಿನ್ನ ಅಮ್ಮ


ಡಿಸೆಂಬರ್ 4

ಅಮ್ಮ,

ರಜೆಗೆ ಹೋಗುವವರ ಪಟ್ಟಿ ಬಾಗಿಲಿಗೆ ಅಂಟಿಸಿದ್ದಾರೆ. ನನ್ನ ಹೆಸರು ಇಲ್ಲ. ಗುಬ್ಬಿಯ ಹೆಸರು ಇದೆ.

ಮೇಷ್ಟ್ರನ್ನು ಯಾಕೆ ಅಂತ ಕೇಳಿದೆ. "ನನಗೆ ಗೊತ್ತು, ಆದ್ರೆ ಹೇಳಬೇಕಾದವರು ನಾನಲ್ಲ. ನಿಮ್ಮಮ್ಮನ್ನೇ ಕೇಳು, ನೇರವಾಗಿ ಕೇಳು" ಅಂದರು. ಪಟ್ಟಿಯನ್ನು ಹರಿಯಬೇಕು ಅನ್ನಿಸಿತು. ಕೈ ಮೇಲೆ ಹೋಯಿತು. ಅದರಲ್ಲಿ ಗುಬ್ಬಿಯ ಹೆಸರಿತ್ತಲ್ಲ, ಬಿಟ್ಟೆ.

ಅದಕ್ಕೆ ಕೇಳುತ್ತಿದ್ದೇನೆ. ಅಮ್ಮ, ನಿನಗೆ ನನ್ನನ್ನು ಕಂಡರೆ ಭಯಾನಾ? ಹೌದು ಅಥವಾ ಇಲ್ಲ ಅಂತ ಬರಿ. ಅಂಗಡಿಯ ವಿಷಯ ಬರೆಯಬೇಡ. ಬ್ಯಾಂಕಿನ ಮೇಡಂ ವಿಷಯ ಬರೆಯಬೇಡ.

ಬುಗುರಿ


ಡಿಸೆಂಬರ್ 13

ಬುಗುರಿ,

ಹೌದು.

ಇಷ್ಟು ಬರೆಯಲು ಐದು ದಿನ ಬೇಕಾಯಿತು. ಮೊದಲು "ಇಲ್ಲ" ಎಂದು ಬರೆದೆ, ಹರಿದೆ. ಆಮೇಲೆ "ಭಯ ಅಂತಲ್ಲ, ಆದರೆ" ಎಂದು ಶುರುಮಾಡಿ ಒಂದು ಪುಟ ಬರೆದೆ. ಅಜ್ಜಿ ಅದನ್ನು ಕೇಳಿ, "ಮಗು ಕೇಳಿದ್ದು ಒಂದು ಅಕ್ಷರ, ನೀನು ಪುರಾಣ ಬಿಚ್ಚಿದೀಯ" ಎಂದಳು. ಅದನ್ನೂ ಹರಿದೆ. ಹೌದು, ನನಗೆ ನಿನ್ನನ್ನು ಕಂಡರೆ ಭಯ.

ಆ ಮಾರ್ಚ್ ತಿಂಗಳ ಮಧ್ಯಾಹ್ನದ್ದನ್ನು ನಾವಿಬ್ಬರೂ ಇದುವರೆಗೆ ಆಡಿಲ್ಲ. ನೀನು ಗೊಂಬೆಗೆ ಕೈ ಹೊಲಿದುಕೊಡು ಎಂದೆ. ನಾನು ಸ್ವಲ್ಪ ಇರು ಎಂದೆ. ನೀನು ಐದು ಸಲ ಕೇಳಿದೆ, ನಾನು ಐದು ಸಲವೂ ಅದನ್ನೇ ಹೇಳಿದೆ, ತಲೆ ಎತ್ತದೆ. ಆರನೆಯ ಸಲ ಕತ್ತರಿ ಬಂತು. ರಕ್ತ ಬಂದದ್ದು ಸುಳ್ಳಲ್ಲ, ಏಳು ಹೊಲಿಗೆ ಹಾಕಿದ್ದು ಸುಳ್ಳಲ್ಲ. ಏನೂ ಆಗಿಲ್ಲ ಎಂದದ್ದು ಸುಳ್ಳು. ಕತ್ತರಿ ಸಾಣೆಗೆ ಹೋಗಿದ್ದು ಸುಳ್ಳು, ಅವು ಅಜ್ಜಿಯ ಮಂಚದ ಕೆಳಗಿದ್ದವು. ಅಂಗಡಿಯಲ್ಲಿ ಕೆಲಸ ಬಹಳ ಎಂದು ಬರೆದದ್ದೂ ಸುಳ್ಳು. ಕೆಲಸ ಯಾವಾಗ ಕಡಿಮೆ ಇತ್ತು? ನೀನು ಹುಟ್ಟಿದ ವಾರವೂ ನಾನು ಹನ್ನೆರಡು ಅಂಗಿ ಹೊಲಿದವಳು.

ನಿನ್ನನ್ನು ಬಿಟ್ಟು ಬಂದ ದಿನ ಬಸ್ಸಿನಲ್ಲಿ ನಿನ್ನದೇ ಯೋಚನೆ ಎಂದು ಬರೆದಿದ್ದೆ. ಅಲ್ಲ ಮಗಳೇ. ಬಸ್ಸು ಹೊರಟ ಐದು ನಿಮಿಷಕ್ಕೆ ನಿದ್ದೆ ಹೋದೆ, ಮೂರೂವರೆ ಗಂಟೆ. ಪಕ್ಕದಲ್ಲಿ ಕೂತವರು ಎಬ್ಬಿಸಿ ಇಳಿಸಿದರು. ಅಷ್ಟು ಗಟ್ಟಿ ನಿದ್ದೆ ಎರಡು ವರ್ಷದಿಂದ ಬಂದಿರಲಿಲ್ಲ. ಎದ್ದಾಗ ಹಗುರ ಅನ್ನಿಸಿತು, ಆ ಹಗುರಕ್ಕೆ ನಾಚಿಕೆಯೂ ಆಯಿತು. ಅಜ್ಜಿ ಬಾಗಿಲಲ್ಲಿ "ನೀನು ಅತ್ಯಾ?" ಎಂದು ಕೇಳಿದಾಗ ಉತ್ತರ ಕೊಡದೆ ಒಳಗೆ ಹೋದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಎಲ್ಲರೂ ಹೇಳುತ್ತಾರೆ. ಹೆಗ್ಗಣ ಕಚ್ಚಿದರೆ ಹೆತ್ತವಳು ಏನು ಮಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ತಾಯಿ ಆದವಳು ಹತ್ತು ವರ್ಷದ ಮಗಳ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದರೆ ಕತ್ತರಿ ಎಲ್ಲಿದೆ ಎಂದು ನೋಡಿಕೊಳ್ಳಬಾರದು, ಆದರೆ ನಾನು ನೋಡಿಕೊಳ್ಳುತ್ತಿದ್ದೆ. ಹಾಗಾಗಿ ನಾನೇ ಸರಿ ಇಲ್ಲ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ನಿಮ್ಮ ಮೇಷ್ಟ್ರ ಹಾಳೆಯ ನೆಪ ಸಿಕ್ಕಿತು, ಇನ್ನಷ್ಟು ಮುಚ್ಚಿಕೊಂಡೆ.

ಪ್ರೀತಿ ಇದೆಯಾ ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಬರೆಯುತ್ತೇನೆ. ಇದೆ. ಭಯ ಬಂದದ್ದು ಮಾರ್ಚಿನಲ್ಲಿ, ಇದು ಅದಕ್ಕಿಂತ ಹತ್ತು ವರ್ಷ ಹಳೆಯದು. ನಿನ್ನ ಖಾಲಿ ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೇನೆ, ಅದನ್ನು ಅಜ್ಜಿ ಮಾತ್ರ ನೋಡಿದ್ದಾಳೆ.

ಫಾರಮ್ಮಿನಲ್ಲಿ ಉಳಿಯುತ್ತಾಳೆ ಎಂದು ಗುರುತು ಹಾಕಿದವಳು ನಾನೇ. ಇಪ್ಪತ್ತೆರಡರವರೆಗೆ ಬದಲಾಯಿಸಬಹುದಂತೆ, ಇವತ್ತು ಬೆಳಿಗ್ಗೆ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ತೀರ್ಮಾನವನ್ನು ನಿನ್ನ ತಲೆಗೆ ಕಟ್ಟುತ್ತಿಲ್ಲ. ಬಾ ಎನ್ನುವುದು ನನ್ನ ಮಾತು. ಹೆದರಿಕೊಂಡೇ ಹೇಳುತ್ತಿದ್ದೇನೆ, ಆದರೂ ಬಾ.

ನನ್ನ ನಂಬರ್ ಇವತ್ತು ಒಂಬತ್ತು.

ಅಮ್ಮ


ಡಿಸೆಂಬರ್ 19

ಅಮ್ಮ,

ನಿನ್ನ ಪತ್ರ ಮೂರು ಸಲ ಓದಿದೆ. ಮೊದಲನೇ ಸಲ ಓದಿದಾಗ ನೀರಿನ ಜಗ್ಗನ್ನು ತಳ್ಳಿದೆ. ಪ್ಲಾಸ್ಟಿಕ್ಕಿನದು, ಒಡೆಯಲಿಲ್ಲ. ನೆಲ ಒರೆಸಿದೆ. ಎರಡನೇ ಸಲ ಮೇಜಿನ ಕೆಳಗೆ ಕೂತು ಓದಿದೆ. ಮೂರನೇ ಸಲ ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ಜೊತೆ ಮೇಜಿನ ಕೆಳಗೆ ಬಂದು ಕೂತರು. ಅವರು ಅಲ್ಲಿ ಹಿಡಿಸುವುದಿಲ್ಲ, ತಲೆ ಬಡಿಯಿತು.

ನನಗೂ ನನ್ನನ್ನು ಕಂಡರೆ ಭಯ. ಕೈ ಯಾವಾಗ ಮೇಲೆ ಹೋಯಿತು ಅಂತ ನನಗೇ ಗೊತ್ತಾಗುವುದಿಲ್ಲ. ಅವತ್ತು ಕತ್ತರಿ ಬಿದ್ದ ಸದ್ದು ಕೇಳಿದ ಮೇಲೆ ಅದು ನನ್ನ ಕೈಯಲ್ಲಿತ್ತು ಅಂತ ಗೊತ್ತಾಯಿತು. ನೀನು ಏನೂ ಆಗಿಲ್ಲ ಬಿಡು ಅಂದೆ. ಆಗ ಏನೋ ಆಗಿದೆ ಅಂತ ಗೊತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಇಷ್ಟು ದಿನ ಒಬ್ಬಳೇ ಹೆದರುತ್ತಿದ್ದೆ. ನೀನೂ ಹೆದರುತ್ತಿದ್ದೆ ಅಂತ ಮೊದಲೇ ಹೇಳಿದ್ದರೆ ಇಬ್ಬರೂ ಸೇರಿ ಹೆದರಬಹುದಿತ್ತು.

ಬರುತ್ತೇನೆ. ತಿಂಗಳು ಪೂರ್ತಿ ಬೇಡ. ಮೂರು ದಿನ ಸಾಕು. ಮೂರು ದಿನ ನನಗೆ ಆಗುತ್ತೆ ಅನ್ನಿಸುತ್ತೆ, ನಾಲ್ಕನೇ ದಿನ ಗೊತ್ತಿಲ್ಲ. ಮೇಷ್ಟ್ರು ಸರಿ ಅಂದರು. ಮಿಕ್ಕ ದಿನ ಇಲ್ಲಿ ಈಜು ಕಲಿಯುತ್ತೇನೆ. ನನಗೆ ಈಜು ಇಷ್ಟ ಇಲ್ಲ, ಆದರೂ ಕಲಿಯುತ್ತೇನೆ.

ದೊಡ್ಡ ಕತ್ತರಿಯನ್ನು ಎತ್ತರದ ಕಪಾಟಿನಲ್ಲಿ ಇಡು, ನನ್ನ ಕೈಗೆ ಸಿಗದ ಹಾಗೆ. ಆದರೆ ಇಲ್ಲಿ ಇಟ್ಟಿದ್ದೇನೆ ಅಂತ ನನಗೆ ಹೇಳಿ ಇಡು. ಗಿರಾಕಿ ಬಂದರೆ ತೆಗೆದುಕೊಂಡು ಕೆಲಸ ಮಾಡು, ಹಲ್ಲಲ್ಲಿ ಕಚ್ಚಬೇಡ. ನಿನಗೆ ಹೆದರಿಕೆ ಆದರೆ ಬಾಯಿಬಿಟ್ಟು ಹೇಳು, ನಾನು ಅಜ್ಜಿಯ ಹತ್ತಿರ ಹೋಗಿ ಕೂರುತ್ತೇನೆ.

ಇನ್ನೊಂದು. ಆ ಏಳು ಹೊಲಿಗೆಯನ್ನು ನಾನು ಒಂದು ಸಲವೂ ನೋಡಿಲ್ಲ. ನೀನು ಯಾವಾಗಲೂ ತೋಳು ಎಳೆದುಕೊಂಡು ಮುಚ್ಚಿಕೊಳ್ಳುತ್ತೀಯ. ಅದನ್ನು ನನಗೆ ತೋರಿಸಬೇಕು. ಬಂದ ತಕ್ಷಣ ಬೇಡ. ಎರಡನೇ ದಿನ ತೋರಿಸು, ಬೆಳಿಗ್ಗೆ, ಅಜ್ಜಿ ಏಳುವ ಮೊದಲು.

ಬುಗುರಿ